ಛಾಯಾಚಿತ್ರದಿಂದ ಹಳೆಯ ಜೆಟ್ ಯುದ್ಧವಿಮಾನಗಳನ್ನು ಗುರುತಿಸುವ ವಿಚಾರ

ವಿಮಾನವೊಂದರ ಹಳೆಯ ಛಾಯಾಚಿತ್ರವನ್ನು ಮುಂದಿಟ್ಟು ‘ಇದು ಯಾವ ವಿಮಾನ?’ ಎಂದು ಕೇಳುವವರು ತಾವು ಒಂದೇ ಪ್ರಶ್ನೆಯನ್ನು ಕೇಳುತ್ತಿರುವುದಾಗಿ ಭಾವಿಸುವುದು ಸಹಜ. ವಾಸ್ತವವಾಗಿ ಆ ಪ್ರಶ್ನೆಯ ಗರ್ಭದಲ್ಲಿ ಹಲವು ಪ್ರಶ್ನೆಗಳು ಅಡಗಿವೆ: ಇದು ಯಾವ ಜಾತಿಯ ವಿಮಾನ, ಆ ಜಾತಿಯಲ್ಲಿ ಯಾವ ಭೇದ, ಯಾವ ದೇಶದ ಪಡೆಗೆ ಸೇರಿದ್ದು, ಚಿತ್ರವನ್ನು ತೆಗೆದದ್ದು ಯಾವ ಕಾಲದಲ್ಲಿ, ಕಟ್ಟಕಡೆಗೆ, ಒಂದೇ ಕಾರ್ಖಾನೆಯಿಂದ ಒಂದೇ ಅಚ್ಚಿನಲ್ಲಿ ಹೊರಬಿದ್ದ ನೂರಾರು ವಿಮಾನಗಳ ನಡುವೆ ಇದು ನಿರ್ದಿಷ್ಟವಾಗಿ ಯಾವುದು. ಮೊದಲನೆಯ ಪ್ರಶ್ನೆಗೆ ಉತ್ತರ ದೊರೆತೊಡನೆಯೇ ಉಳಿದವುಗಳಿಗೂ ದೊರೆಯಿತೆಂದು ಬಗೆದು ಮುಂದೆ ಸಾಗುವುದೇ ಈ ಕ್ಷೇತ್ರದಲ್ಲಿ ನಡೆಯುವ ತಪ್ಪುಗಳಲ್ಲೆಲ್ಲ ಅತ್ಯಂತ ವ್ಯಾಪಕವಾದದ್ದೆಂದು ನನ್ನ ಅಭಿಪ್ರಾಯ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಿಂದ ಮೊದಲ್ಗೊಂಡು 1970ರ ದಶಕದವರೆಗೆ ಹಾರಿದ ಜೆಟ್ ಯುದ್ಧವಿಮಾನಗಳನ್ನು, ಅದರಲ್ಲೂ ನಮ್ಮ ಆಕಾಶದಲ್ಲಿ ಹಾರಿದವನ್ನೂ ಅವುಗಳಿಗೆ ಇದಿರಾಗಿ ಬಂದವನ್ನೂ, ಚಿತ್ರಗಳಿಂದ ಗುರುತಿಸುವ ಕ್ರಮವು ಹೇಗೆ ಬೆಳೆಯಿತು, ಅದರಲ್ಲಿ ನೆಚ್ಚತಕ್ಕದ್ದೆಷ್ಟು, ನೆಚ್ಚಬಾರದ್ದೆಷ್ಟು ಎಂಬುದನ್ನು ಇಲ್ಲಿ ಪರಿಶೀಲಿಸಬಹುದು.

ವಿಮಾನವನ್ನು ಆಕೃತಿಯಿಂದ ಅರಿಯುವ ವಿದ್ಯೆಗೆ ಶಾಸ್ತ್ರದ ರೂಪ ಬಂದದ್ದು ಆ ಮಹಾಯುದ್ಧದ ಕಾಲದಲ್ಲಿಯೇ. ಬ್ರಿಟನ್ನಿನ ರಾಯಲ್ ಅಬ್ಸರ್ವರ್ ಕೋರಿನ ಸ್ವಯಂಸೇವಕರು ತಮ್ಮ ಕಾವಲುಠಾಣೆಗಳಲ್ಲಿ ನಿಂತು, ಮೋಡದ ಸಂದಿಯಲ್ಲಿ ಕ್ಷಣಕಾಲ ಕಂಡು ಮರೆಯಾಗುವ ವಿಮಾನವು ಸ್ವಪಕ್ಷದ್ದೋ ಶತ್ರುವಿನದೋ ಎಂಬುದನ್ನು ನಿರ್ಣಯಿಸಿ ಒಡನೆಯೇ ದೂರವಾಣಿಯಲ್ಲಿ ತಿಳಿಸಬೇಕಾಗಿದ್ದಿತು. ಅವರ ಉಪಯೋಗಕ್ಕೆಂದು 1941ರಲ್ಲಿ ಹೊರಟ ‘ದಿ ಏರೋಪ್ಲೇನ್ ಸ್ಪಾಟರ್’ ಎಂಬ ಪತ್ರಿಕೆಯು 1948ರವರೆಗೂ ನಡೆದು, ವಿಮಾನಗಳನ್ನು ಮುಂದಿನಿಂದ, ಪಕ್ಕದಿಂದ, ಕೆಳಗಿನಿಂದ ಕಂಡಂತೆ ಬರೆದ ಕಪ್ಪು ನೆರಳುಚಿತ್ರಗಳನ್ನು ಓದುಗರ ಮನಸ್ಸಿನಲ್ಲಿ ಅಚ್ಚೊತ್ತಿತು. ಆ ಕಾಲದ ಶಿಕ್ಷಣದಲ್ಲಿ ಎರಡು ಮತಗಳಿದ್ದವು. ರೆಕ್ಕೆ, ಎಂಜಿನ್, ಒಡಲು, ಬಾಲ ಎಂಬ ನಾಲ್ಕು ಅಂಗಗಳನ್ನು ಇದೇ ಅನುಕ್ರಮದಲ್ಲಿ ಪರೀಕ್ಷಿಸಿ ನಿರ್ಣಯಕ್ಕೆ ಬರಬೇಕೆಂಬುದು ಒಂದು ಮತ. ಅಂಗಗಳನ್ನು ಬಿಡಿಬಿಡಿಯಾಗಿ ನೋಡುವಷ್ಟು ಹೊತ್ತಿಗೆ ವಿಮಾನ ಕಣ್ಮರೆಯಾಗಿರುತ್ತದಾದ್ದರಿಂದ ಸಮಗ್ರ ಆಕೃತಿಯನ್ನು ಒಂದೇ ನೋಟಕ್ಕೆ ಹಿಡಿಯಲು ಕಣ್ಣನ್ನು ಪಳಗಿಸಬೇಕೆಂಬುದು ಇನ್ನೊಂದು ಮತ. ಈ ಎರಡನೆಯದರ ಮುಖ್ಯ ಪ್ರತಿಪಾದಕರಾದ, ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಸ್ಯಾಮ್ಯುಯಲ್ ರೆನ್‌ಷಾ ಅವರು ಸೆಕೆಂಡಿನ ಅಲ್ಪಭಾಗದಷ್ಟು ಮಾತ್ರ ಪರದೆಯ ಮೇಲೆ ಚಿತ್ರವನ್ನು ಮಿಂಚಿಸಿ ಮರೆಮಾಡುವ ಅಭ್ಯಾಸಕ್ರಮವನ್ನು ರೂಪಿಸಿದರು. ಅಮೆರಿಕದ ನೌಕಾಪಡೆ ಅದನ್ನು ಅಂಗೀಕರಿಸಿ ಸಹಸ್ರಾರು ಮಂದಿಗೆ ಬೋಧಿಸಿತು.

ಇವೆರಡೂ ಆಕಾಶವನ್ನು ನೋಡುವವನಿಗಾಗಿ ಹುಟ್ಟಿದ ಕ್ರಮಗಳೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಛಾಯಾಚಿತ್ರವನ್ನು ನೋಡುವವನ ಸ್ಥಿತಿಯೇ ಬೇರೆ. ಅವನಿಗೆ ಕಾಲಾವಕಾಶ ಬೇಕಾದಷ್ಟುಂಟು, ಭೂತಗನ್ನಡಿಯುಂಟು, ಗ್ರಂಥಗಳೊಡನೆ ಹೋಲಿಸಿ ನೋಡುವ ಸೌಕರ್ಯವುಂಟು. ಆದರೆ ಆಕಾಶವನ್ನು ನೋಡುವವನಿಗಿಲ್ಲದ ಒಂದು ಸಂಕಟವೂ ಅವನಿಗುಂಟು: ಅವನ ಕಣ್ಣಿಗೂ ವಿಮಾನಕ್ಕೂ ನಡುವೆ ಒಂದು ಮಸೂರ, ಒಂದು ಫಿಲ್ಮು, ಒಂದು ಕತ್ತಲೆಕೋಣೆ, ಮುದ್ರಣಕ್ಕೆ ಸಿದ್ಧಪಡಿಸಿದವನ ಕುಂಚ, ಅಡಿಬರಹ ಬರೆದವನ ಲೇಖನಿ ಇಷ್ಟೂ ನಿಂತಿರುತ್ತವೆ. ಶಾಸನವನ್ನು ಓದುವ ವಿದ್ವಾಂಸನು ಅಕ್ಷರಗಳ ಅರ್ಥದೊಡನೆಯೇ ಅವುಗಳ ಆಕಾರವನ್ನೂ ಕಲ್ಲಿನ ಸವೆತವನ್ನೂ ಪ್ರತಿ ತೆಗೆದವನ ಕೈಯನ್ನೂ ಗಣನೆಗೆ ತೆಗೆದುಕೊಳ್ಳುವಂತೆ ಇಲ್ಲಿಯೂ ವಿಮಾನದ ಜೊತೆಗೆ ಚಿತ್ರವನ್ನೂ ಓದಬೇಕಾಗುತ್ತದೆ.

ಈ ಬಗೆಯ ಓದಿಗೆ ಮೇಲ್ಪಂಕ್ತಿ ಹಾಕಿದವರು ಬ್ರಿಟನ್ನಿನ ಮೆಡ್ಮೆನ್‌ಹ್ಯಾಮ್ ಎಂಬಲ್ಲಿ ಶತ್ರುನೆಲದ ವೈಮಾನಿಕ ಚಿತ್ರಗಳನ್ನು ಪರಿಶೀಲಿಸುತ್ತಿದ್ದವರು. ಅಲ್ಲಿನ ವಿಮಾನವಿಭಾಗದ ಮುಖ್ಯಸ್ಥೆಯಾಗಿದ್ದ ಕಾನ್‌ಸ್ಟೆನ್ಸ್ ಬ್ಯಾಬಿಂಗ್‌ಟನ್ ಸ್ಮಿತ್ ಅವರಿಗೆ 1943ರಲ್ಲಿ ಬಾಲ್ಟಿಕ್ ತೀರದ ಪೀನಮ್ಯುಂಡೆಯ ಚಿತ್ರಗಳಲ್ಲಿ ಬಾಲದ ಅಡ್ಡರೆಕ್ಕೆಯಿಲ್ಲದ ಪುಟ್ಟ ವಿಮಾನಗಳು ಕಂಡವು. ಅವು ಏನೆಂಬುದು ಆಗ ಯಾರಿಗೂ ತಿಳಿಯದು. ಊಹೆಯಿಂದ ಹೆಸರಿಡುವ ಗೋಜಿಗೆ ಹೋಗದೆ, ಕಂಡ ಸ್ಥಳವನ್ನೂ ಅಳೆದು ತಿಳಿದ ರೆಕ್ಕೆಯ ಅಗಲವನ್ನೂ ಮಾತ್ರ ಸೇರಿಸಿ ‘ಪೀನಮ್ಯುಂಡೆ 30’ ಎಂದು ದಾಖಲಿಸಿದರು. ರೆಕ್ಕೆಯ ಅಗಲ ಸುಮಾರು 30 ಅಡಿ ಎಂಬುದಷ್ಟೇ ಆ ಹೆಸರಿನ ಅರ್ಥ. ಮುಂದೆ ಅದು ಮೆಸ್ಸರ್‌ಷ್ಮಿಟ್ 163 ಎಂಬ ರಾಕೆಟ್ ವಿಮಾನವೆಂದು ತಿಳಿದುಬಂದಿತು. ಇದೇ ರೀತಿ ‘ಪೀನಮ್ಯುಂಡೆ 20’ ಎಂದು ಬರೆದುಕೊಂಡದ್ದು ಲಂಡನ್ನಿನ ಮೇಲೆ ಬಿದ್ದ ವಿ-1 ಹಾರುಬಾಂಬಾಗಿ ಪರಿಣಮಿಸಿತು. ಸಾಕ್ಷ್ಯವು ಎಲ್ಲಿಯವರೆಗೆ ಕೈಹಿಡಿದು ನಡೆಸುವುದೋ ಅಲ್ಲಿಯವರೆಗೆ ಹೋಗಿ ನಿಲ್ಲುವ ಈ ಸಂಯಮಕ್ಕಿಂತ ಹೆಚ್ಚಿನ ಪಾಠವನ್ನು ಈ ವಿದ್ಯೆಯಲ್ಲಿ ಯಾವ ಕೈಪಿಡಿಯೂ ಕಲಿಸಲಾರದು.

ಇನ್ನು ವಿಮಾನದ ಆಕೃತಿಗೆ ಬರೋಣ. ರೆಕ್ಕೆಯಿಂದ ಆರಂಭಿಸುವ ಹಳೆಯ ಅನುಕ್ರಮವು ಮೊದಲ ತಲೆಮಾರಿನ ಜೆಟ್‌ಗಳಿಗೆ ಅಷ್ಟಾಗಿ ಒಗ್ಗದೆಂದು ನನಗೆ ತೋರುತ್ತದೆ. ಪ್ರೊಪೆಲರ್ ಮಾಯವಾಗಿ ಎಂಜಿನ್ ಒಡಲೊಳಗೆ ಅಡಗಿಕೊಂಡ ಮೇಲೆ ವಿನ್ಯಾಸಕಾರರ ಮುಂದಿದ್ದ ಮೊದಲ ಪ್ರಶ್ನೆಯೇ ಗಾಳಿ ಎಲ್ಲಿಂದ ಒಳಹೋಗಬೇಕು, ಉರಿದ ಅನಿಲ ಎಲ್ಲಿಂದ ಹೊರಬರಬೇಕು ಎಂಬುದು. ವಿಮಾನದ ಇಡೀ ರೂಪವು ಆ ಉತ್ತರಕ್ಕೆ ತಕ್ಕಂತೆ ಬೆಳೆದುಕೊಂಡಿತು. ಇದಕ್ಕೆ ರೋಲ್ಸ್-ರಾಯ್ಸ್ ಸಂಸ್ಥೆಯ ನೀನ್ ಎಂಬ ಎಂಜಿನ್ನಿನ ಕಥೆಯೇ ಉತ್ತಮ ನಿದರ್ಶನ. ಗಾಳಿಯನ್ನು ಹೊರಮುಖವಾಗಿ ಎಸೆದು ಒತ್ತುವ ಚಕ್ರವುಳ್ಳ ದಪ್ಪನೆಯ ಎಂಜಿನ್ ಅದು. ಅದರ ನಕಲೇ ರಷ್ಯದ ಮಿಗ್-15ರಲ್ಲಿ ಕುಳಿತಿತು. ಅದೇ ಫ್ರಾನ್ಸಿನ ದಸೊ ಊರಗಾನಿನಲ್ಲಿ, ಬ್ರಿಟಿಷ್ ನೌಕಾಪಡೆಯ ಸೀ ಹಾಕಿನಲ್ಲಿ, ಅಮೆರಿಕದ ಗ್ರಮ್ಮನ್ ಪ್ಯಾಂಥರಿನಲ್ಲಿ, ಅರ್ಜೆಂಟೀನದ ಪುಲ್ಕಿ-2ರಲ್ಲಿ. ಎಂಜಿನ್ ಒಂದೇ ವಂಶದ್ದಾದರೂ ಗಾಳಿಯ ದಾರಿ ಬೇರೆಬೇರೆಯಾದದ್ದರಿಂದ ಇವುಗಳ ಮುಖಚರ್ಯೆ ಒಂದರಂತೆ ಒಂದಿಲ್ಲ. ಮಿಗ್‌ಗೂ ಊರಗಾನಿಗೂ ಪುಲ್ಕಿಗೂ ಗಾಳಿ ಮೂಗಿನಿಂದಲೇ ಒಳಹೋಗುತ್ತದೆ. ಸೀ ಹಾಕ್ ಮತ್ತು ಪ್ಯಾಂಥರುಗಳಲ್ಲಿ ರೆಕ್ಕೆಯ ಬುಡದಿಂದ ಒಳಹೋಗುತ್ತದೆ. ಈ ಕಡೆಯ ಎರಡೂ ನೇರ ರೆಕ್ಕೆಯ ನೌಕಾವಿಮಾನಗಳೇ ಆದುದರಿಂದ ಅವುಗಳನ್ನು ಬೇರ್ಪಡಿಸಲು ಹಿಂದಕ್ಕೆ ಹೋಗಬೇಕು: ಪ್ಯಾಂಥರಿನ ಅನಿಲ ಬಾಲದ ಕೆಳಗಿನಿಂದ ಹೊರಬಿದ್ದರೆ, ಸೀ ಹಾಕಿನದು ಎರಡಾಗಿ ಕವಲೊಡೆದು ಎಡಬಲ ರೆಕ್ಕೆಗಳ ಬುಡದ ಹಿಂಬದಿಯಲ್ಲಿಯೇ ಹೊರಬೀಳುತ್ತದೆ. ‘ವಿಕ್ರಾಂತ’ ಹಡಗಿನ ಮೇಲಿನಿಂದ 1971ರಲ್ಲಿ ಹಾರಿದ ನಮ್ಮ ನೌಕಾಪಡೆಯ ಸೀ ಹಾಕುಗಳ ಚಿತ್ರಗಳಲ್ಲಿ, ರೆಕ್ಕೆ ಮಡಚಿ ನಿಂತಿರುವಾಗಲೂ, ಈ ಒಂದು ಲಕ್ಷಣ ಮರೆಯಾಗುವುದಿಲ್ಲ.

ಮೂಗುಬಾಯಿಯ ವಿಮಾನಗಳ ವಿಷಯದಲ್ಲಿ ಅತಿ ಹೆಚ್ಚು ಗೊಂದಲವೆದ್ದದ್ದು ಕೊರಿಯದ ಯುದ್ಧದಲ್ಲಿ. 1950ರ ಕೊನೆಯಲ್ಲಿ ಅಲ್ಲಿನ ಆಕಾಶದಲ್ಲಿ ಇದಿರುಬದಿರಾದ ಮಿಗ್-15 ಮತ್ತು ಅಮೆರಿಕದ ಎಫ್-86 ಸೇಬರ್ ಎರಡಕ್ಕೂ ಮೂಗಿನಲ್ಲಿ ಬಾಯಿ, ಎರಡರ ರೆಕ್ಕೆಯೂ 35 ಡಿಗ್ರಿಯಷ್ಟು ಹಿಂದಕ್ಕೆ ಬಾಗಿದ್ದು, ಎರಡೂ ಒಂಟಿ ಎಂಜಿನ್ನಿನ, ಒಂಟಿ ಆಸನದ ವಿಮಾನಗಳು. ಸ್ವಪಕ್ಷದವರೇ ಗುಂಡು ಹಾರಿಸಿಯಾರೆಂಬ ಆತಂಕದಿಂದ ಸೇಬರುಗಳ ರೆಕ್ಕೆ ಒಡಲುಗಳ ಮೇಲೆ ಕಪ್ಪಂಚಿನ ಅಗಲವಾದ ಹಳದಿ ಪಟ್ಟಿಗಳನ್ನು ಬಳಿದಿದ್ದರು. ಆದರೆ ಚಿತ್ರವನ್ನು ಸಾವಧಾನವಾಗಿ ನೋಡುವವನಿಗೆ ಪಟ್ಟಿಯ ಸಹಾಯವೇ ಬೇಕಿಲ್ಲ. ಮಿಗ್‌ನ ಬಾಲದ ಅಡ್ಡರೆಕ್ಕೆ ನಿಂತ ಬಾಲದ ಎತ್ತರದಲ್ಲಿ ಕೂತಿದೆ. ಸೇಬರಿನದು ಕೆಳಗೆ, ಒಡಲಿಗೇ ಅಂಟಿಕೊಂಡಿದೆ. ಎದುರಿನಿಂದ ನೋಡಿದರೆ ಮಿಗ್‌ನ ರೆಕ್ಕೆಗಳು ತುದಿಯತ್ತ ತುಸು ಇಳಿದಿವೆ, ಸೇಬರಿನವು ತುಸು ಏರಿವೆ. ಮಿಗ್‌ನ ದುಂಡುಬಾಯಿಯ ನಡುವೆ ಲಂಬವಾದ ಒಂದು ಅಡ್ಡಗೋಡೆಯಿದೆ. ಸೇಬರಿನ ಬಾಯಿ ತೆರವಾಗಿದ್ದು ಅದರ ಮೇಲ್ದುಟಿ ಸ್ವಲ್ಪ ಮುಂಚಾಚಿದೆ. ಸೇಬರಿನ ಆರು ಮೆಷಿನ್‌ಗನ್ನುಗಳು ಮೂಗಿನ ಎರಡು ಪಕ್ಕಗಳಲ್ಲಿ ಮೂರು ಮೂರರಂತೆ ಸಮನಾಗಿ ಹಂಚಿಕೊಂಡಿದ್ದರೆ, ಮಿಗ್‌ನ ಗದ್ದದ ಕೆಳಗೆ ಬಲಕ್ಕೆ 37 ಮಿಲಿಮೀಟರಿನ ಒಂದು ದೊಡ್ಡ ಫಿರಂಗಿ, ಎಡಕ್ಕೆ 23 ಮಿಲಿಮೀಟರಿನ ಎರಡು ಸಣ್ಣವು. ಈ ಎಡಬಲಗಳ ಅಸಮತೆಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಅದರ ಪ್ರಯೋಜನವನ್ನು ಮುಂದೆ ಹೇಳುವೆನು.

ಮಿಗ್-15ಕ್ಕೂ ಅದರ ತಮ್ಮನಾದ ಮಿಗ್-17ಕ್ಕೂ ಇರುವ ಭೇದವು ಒಂದು ಎಣಿಕೆಯ ಮಾತು. ರೆಕ್ಕೆಯ ಮೇಲೆ ಮುಂದಿನಿಂದ ಹಿಂದಕ್ಕೆ ನಿಲ್ಲಿಸಿದ ತೆಳು ತಗಡಿನ ಬೇಲಿಗಳು ಮೊದಲನೆಯದಕ್ಕೆ ಒಂದೊಂದು ರೆಕ್ಕೆಗೆ ಎರಡು, ಎರಡನೆಯದಕ್ಕೆ ಮೂರು. ಮಿಗ್-17ರ ಬಾಲದ ಅಡಿಯಲ್ಲಿ ಒಂದು ಸಣ್ಣ ಕೀಲವೂ ಉಂಟು. ಮಿಗ್-19ಕ್ಕೆ ಒಂದೊಂದು ರೆಕ್ಕೆಗೆ ಒಂದೇ ದೊಡ್ಡ ಬೇಲಿ, ಹಿಂದೆ ಜೋಡಿ ಹೊಗೆಬಾಯಿ. ಆದರೆ ಇಷ್ಟರಿಂದ ದೇಶ ನಿರ್ಣಯವಾಗಲಿಲ್ಲ: ಮಿಗ್-17ನ್ನು ಪೋಲೆಂಡು ಲಿಮ್-5 ಎಂದೂ ಚೀನ ಜೆ-5 ಎಂದೂ ತಮ್ಮ ಕಾರ್ಖಾನೆಗಳಲ್ಲಿ ಮಾಡಿದವು. ಆಕೃತಿಯು ಜಾತಿಯನ್ನು ಹೇಳಿತು; ಹುಟ್ಟಿದ ಊರನ್ನು ಹೇಳಲಿಲ್ಲ.

ಹೋಲಿಕೆಯಿಂದ ವಂಶಾವಳಿಯನ್ನು ಕಟ್ಟುವ ಚಪಲವೂ ಇಲ್ಲಿ ಪ್ರಬಲವಾಗಿದೆ. ಯುದ್ಧದ ಕೊನೆಯಲ್ಲಿ ಜರ್ಮನಿಯ ಫೊಕ-ವುಲ್ಫ್ ಸಂಸ್ಥೆಯಲ್ಲಿ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಕಾಗದದ ಮೇಲೆ ಸಿದ್ಧವಾಗಿದ್ದ ಟಿಎ-183 ಎಂಬ ವಿಮಾನದ ನಕ್ಷೆಗೂ ಮಿಗ್-15ಕ್ಕೂ ಮೂಗುಬಾಯಿ, ಓರೆರೆಕ್ಕೆ, ಎತ್ತರದ ಅಡ್ಡಬಾಲಗಳಲ್ಲಿ ಕಾಣುವ ಸಾಮ್ಯದಿಂದ ಎರಡನೆಯದು ಮೊದಲನೆಯದರ ನಕಲೆಂಬ ಮಾತು ಬಹುಕಾಲ ಪ್ರಚಾರದಲ್ಲಿದ್ದಿತು. ಟ್ಯಾಂಕ್ ಅವರೇ ಅರ್ಜೆಂಟೀನಕ್ಕೆ ಹೋಗಿ 1950ರಲ್ಲಿ ಹಾರಿಸಿದ ಪುಲ್ಕಿ-2ನ್ನು ಮಿಗ್‌ನ ಪಕ್ಕದಲ್ಲಿಟ್ಟು ನೋಡಿದರೆ ರೆಕ್ಕೆ ಒಡಲಿಗೆ ಸೇರುವ ಎತ್ತರ, ಬಾಲದ ರಚನೆ ಮೊದಲಾದವು ಬೇರೆಬೇರೆ ಮನಸ್ಸುಗಳ ಕೆಲಸವೆಂಬುದು ಸ್ಪಷ್ಟವಾಗುತ್ತದೆ. ಒಂದೇ ಬಗೆಯ ಎಂಜಿನ್, ಒಂದೇ ಬಗೆಯ ವೇಗ, ಒಂದೇ ಕಾಲದ ವಾಯುಗತಿಜ್ಞಾನ ಇವುಗಳಿಂದ ಒಂದೇ ಬಗೆಯ ರೂಪ ಹುಟ್ಟುವುದು ಸ್ವಾಭಾವಿಕ. ಇದೇ ಟ್ಯಾಂಕ್ ಮಹಾಶಯರು 1956ರಲ್ಲಿ ಬೆಂಗಳೂರಿಗೆ ಬಂದು ರೂಪಿಸಿದ ‘ಮಾರುತ’ ವಿಮಾನಕ್ಕೆ ಮೂಗಿನಲ್ಲಿ ಬಾಯಿಯೇ ಇಲ್ಲ. ಒಡಲಿನ ಎರಡು ಪಕ್ಕಗಳಲ್ಲಿ ಅರ್ಧಚಂದ್ರಾಕಾರದ ಬಾಯಿಗಳು, ಅವುಗಳೊಳಗೆ ಅರ್ಧ ಶಂಕುಗಳು, ನಡುವಿನಲ್ಲಿ ಸಣ್ಣಗಾದ ಸೊಂಟ, ಹಿಂದೆ ಅಕ್ಕಪಕ್ಕದಲ್ಲಿ ಎರಡು ಹೊಗೆಬಾಯಿಗಳು. ವಿನ್ಯಾಸಕಾರನ ಹೆಸರನ್ನು ಹಿಡಿದುಕೊಂಡು ಆಕೃತಿಯನ್ನು ಹುಡುಕಹೊರಟವನಿಗೆ ಪುಲ್ಕಿಯಿಂದ ಮಾರುತಕ್ಕೆ ದಾರಿ ಸಿಗಲಾರದು.

ನಮ್ಮ ವಾಯುಪಡೆಯ ಮೊದಲ ಜೆಟ್ ಆದ ಡಿ ಹ್ಯಾವಿಲೆಂಡ್ ವ್ಯಾಂಪೈರಿನಷ್ಟು ಸುಲಭವಾಗಿ ಗುರುತು ಹತ್ತುವ ವಿಮಾನ ಮತ್ತೊಂದಿಲ್ಲವೆಂದು ಸಾಮಾನ್ಯರ ನಂಬಿಕೆ. ಮೊಟಕಾದ ಮೊಟ್ಟೆಯಾಕಾರದ ಒಡಲು, ಅದರ ಹಿಂದೆ ರೆಕ್ಕೆಯಿಂದ ಹೊರಟು ಬಾಲವನ್ನು ಹೊತ್ತ ಎರಡು ಕೋಲುಗಳು, ಈ ಜೋಡಿ ಕೋಲುಗಳನ್ನು ಒಮ್ಮೆ ಕಂಡವರು ಮರೆಯುವುದಿಲ್ಲವೆಂಬುದು ನಿಜ. ಆದರೆ ಅದರ ತಂಗಿಯಾದ ವೆನಮ್ ವಿಮಾನಕ್ಕೂ ಅದೇ ಜೋಡಿ ಕೋಲುಗಳಿವೆ. ವೆನಮ್‌ನ ರೆಕ್ಕೆ ಮಾತ್ರ ತೆಳುವು, ಅದರ ಹಿಂಬದಿ ಅಂಚು ನೇರ, ಮುಂಬದಿ ಅಂಚು ಹಿಂದಕ್ಕೆ ಓರೆ, ತುದಿಗಳಲ್ಲಿ ಇಂಧನದ ತೊಟ್ಟಿಗಳು. ವ್ಯಾಂಪೈರಿನೊಳಗೇ ಮತ್ತೆ ಭೇದಗಳು: ಮೊದಲ ಎಫ್-3ರ ರೆಕ್ಕೆ 40 ಅಡಿಯದಾಗಿ ತುದಿ ದುಂಡಗಿದ್ದರೆ, ನೆಲದ ಮೇಲೆ ದಾಳಿಮಾಡಲು ರೂಪಿಸಿದ ಭೇದಗಳ ರೆಕ್ಕೆ 38 ಅಡಿಗೆ ಮೊಟಕಾಗಿ ತುದಿ ಚೌಕವಾಗಿದೆ. ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಪರವಾನಗಿಯ ಮೇಲೆ ತಯಾರಾದವು ಈ ಎರಡನೆಯ ಪಂಗಡದವು.

ಜಾತಿ ಭೇದಗಳು ತಿಳಿದ ಮೇಲೆ ದೇಶದ ಪ್ರಶ್ನೆ. ಇಲ್ಲಿ ಒಂದು ಚಿತ್ರವನ್ನು ಸಮೀಪದಿಂದ ನೋಡೋಣ. ಕಪ್ಪುಬಿಳುಪಿನ ಮುದ್ರಣ, ಹುಲ್ಲಿನ ಮೇಲೆ ನಿಂತ ಚೌಕತುದಿಯ ವ್ಯಾಂಪೈರ್, ಕೋಲಿನ ಪಕ್ಕದಲ್ಲಿ ಮೂರು ವರ್ತುಲಗಳ ಗುರುತು, ಹೊರಗೆ ಕಪ್ಪು, ನಡುವೆ ಬಿಳುಪು, ಒಳಗೆ ಕಪ್ಪು. ಭಾರತದ ಗುರುತಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸುರು. ಇಟಲಿಯೂ ವ್ಯಾಂಪೈರುಗಳನ್ನು ತನ್ನ ಕಾರ್ಖಾನೆಗಳಲ್ಲಿ ಮಾಡಿದ ದೇಶ. ಅದರ ಗುರುತಿನಲ್ಲಿ ಹೊರಗೆ ಕೆಂಪು, ನಡುವೆ ಬಿಳಿ, ಒಳಗೆ ಹಸುರು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೋಮ್ಯಾಟಿಕ್ ಫಿಲ್ಮಿನಲ್ಲಿ ಕೇಸರಿಯು ಹಸುರಿಗಿಂತ ತಿಳಿಯಾಗಿ ಮೂಡುವುದರಿಂದ ಭಾರತದ ಹೊರವರ್ತುಲ ಬೂದುಬಣ್ಣವಾಗಿ ಪ್ರತ್ಯೇಕಗೊಳ್ಳುತ್ತದೆ. ಕೆಂಪಿಗೆ ಕುರುಡಾದ ಹಳೆಯ ಆರ್ಥೋಕ್ರೋಮ್ಯಾಟಿಕ್ ಫಿಲ್ಮಿನಲ್ಲಿ ಕೇಸರಿಯೂ ಕಪ್ಪಾಗಿಬಿಡುತ್ತದೆ. ಹಾಗಾದರೆ ವರ್ತುಲಗಳನ್ನು ನೆಚ್ಚುವ ಮೊದಲು ಫಿಲ್ಮು ಯಾವುದೆಂದು ತಿಳಿಯಬೇಕು. ಅದಕ್ಕೆ ಚಿತ್ರದೊಳಗೇ ಬಣ್ಣ ತಿಳಿದಿರುವ ಮತ್ತೊಂದು ವಸ್ತುವನ್ನು, ಬೆಂಕಿಯಾರಿಸುವ ಕೆಂಪು ಬಕೀಟನ್ನೋ ನೀಲಿ ಆಕಾಶವನ್ನೋ ಹುಡುಕಿ ಅದು ಹೇಗೆ ಮೂಡಿದೆಯೆಂದು ನೋಡಬೇಕು. ಅದಕ್ಕಿಂತ ಸುಲಭದ ಸಾಕ್ಷ್ಯವೂ ಉಂಟು: ನಿಂತ ಬಾಲಗಳ ಮೇಲೆ ಮೂರು ಪಟ್ಟಿಗಳ ಧ್ವಜಚಿಹ್ನೆಯಿದ್ದರೆ ಅದು ಭಾರತದ ಕಡೆಗೆ ವಾಲುತ್ತದೆ, ಅದಿಲ್ಲದೆ ಎರಡು ಸಂಖ್ಯೆಗಳ ನಡುವೆ ಅಡ್ಡಗೆರೆಯೆಳೆದ ಗುರುತು ಒಡಲ ಮೇಲಿದ್ದರೆ ಇಟಲಿಯ ಕಡೆಗೆ. ಇನ್ನು ವರ್ತುಲಗಳಿಗೆ ಬದಲು ಅಶೋಕಚಕ್ರವೇ ಇದ್ದಿತೋ, ದೇಶದೊಡನೆ ಕಾಲವೂ ಬಹುಮಟ್ಟಿಗೆ ಸಿಕ್ಕಿತೆನ್ನಬೇಕು. ವ್ಯಾಂಪೈರ್ ಭಾರತಕ್ಕೆ ಬಂದದ್ದು 1948ರಲ್ಲಿ, ಚಕ್ರಕ್ಕೆ ಬದಲು ತ್ರಿವರ್ಣದ ವರ್ತುಲ ಬಂದದ್ದು 1950ರಲ್ಲಿ.

ಫಿಲ್ಮಿನ ಮಾತಿನಂತೆಯೇ ನೆಗೆಟಿವಿನ ಮಾತು. ನೆಗೆಟಿವನ್ನು ಬೋರಲು ಹಾಕಿ ಮುದ್ರಿಸಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅಕ್ಷರಗಳು ಕಾಣುತ್ತಿದ್ದರೆ ಮಕ್ಕಳೂ ಹಿಡಿದಾರು. ಆದರೆ ಸೈನಿಕ ಪರಿಶೀಲಕರು ಸಂಖ್ಯೆಗಳನ್ನು ಅಳಿಸಿದ ಚಿತ್ರಗಳಲ್ಲಿ ಅಕ್ಷರಗಳೇ ಇರುವುದಿಲ್ಲ. ಆಗ ವಿಮಾನದ ಶರೀರದಲ್ಲಿಯೇ ಎಡಬಲಗಳ ಅಸಮತೆಯನ್ನು ಹುಡುಕಬೇಕು. ಮೇಲೆ ಹೇಳಿದ ಮಿಗ್‌ನ ದೊಡ್ಡ ಫಿರಂಗಿ ಎಡಕ್ಕೆ ಕಂಡರೆ ಮುದ್ರಣ ತಿರುವುಮುರುವಾಗಿದೆ ಎಂದೇ ಅರ್ಥ. ಇದಕ್ಕಿಂತ ಸೊಗಸಾದ ಉದಾಹರಣೆ ನಮ್ಮ ವಾಯುಪಡೆಯ ಕ್ಯಾನ್‌ಬೆರಾ ಬಾಂಬರು. ಅದರ ಬಿ(ಐ)-58 ಎಂಬ ಭೇದದಲ್ಲಿ ವೈಮಾನಿಕನ ಗಾಜಿನ ಗುಮ್ಮಟ ಒಡಲಿನ ನಟ್ಟನಡುವೆ ಇಲ್ಲ, ಎಡಕ್ಕೆ ಸರಿದಿದೆ. ಎದುರಿನಿಂದ ತೆಗೆದ ಚಿತ್ರದಲ್ಲಿ ಗುಮ್ಮಟವು ವಿಮಾನದ ಬಲಭಾಗಕ್ಕೆ ಸರಿದಂತೆ ಕಂಡರೆ ಆ ಚಿತ್ರವನ್ನು ತಿರುಗಿಸಿ ನೋಡಬೇಕು. ಹಾಗೆ ತಿರುಗಿಸಿದಾಗ ಹಿನ್ನೆಲೆಯ ಕಟ್ಟಡಗಳೂ ತಮ್ಮ ನಿಜವಾದ ಕಡೆಗೆ ಬಂದು ನಿಲ್ಲುವುದರಿಂದ ವಾಯುನೆಲೆಯನ್ನು ಗುರುತಿಸುವುದೂ ಸಾಧ್ಯವಾಗುತ್ತದೆ.

ಕ್ಯಾನ್‌ಬೆರಾದ ಚರ್ಚೆಯಲ್ಲಿ 1965ರ ಮತ್ತು 1971ರ ಯುದ್ಧಗಳ ಚಿತ್ರಗಳಿಗೆ ಸಂಬಂಧಿಸಿದ ಒಂದು ತೊಡಕನ್ನು ಬಿಡುವಂತಿಲ್ಲ. ಭಾರತ ಬ್ರಿಟಿಷ್ ಕ್ಯಾನ್‌ಬೆರಾವನ್ನು ಹಾರಿಸಿದರೆ ಪಾಕಿಸ್ತಾನ ಅದೇ ಕ್ಯಾನ್‌ಬೆರಾವನ್ನು ಅಮೆರಿಕದ ಮಾರ್ಟಿನ್ ಸಂಸ್ಥೆ ಮಾರ್ಪಡಿಸಿ ಕಟ್ಟಿದ ಬಿ-57ನ್ನು ಹಾರಿಸಿತು. ಎರಡಕ್ಕೂ ಅದೇ ಅಗಲವಾದ ರೆಕ್ಕೆ, ರೆಕ್ಕೆಯ ನಡುವೆ ಅದೇ ದುಂಡು ಎಂಜಿನ್ ಗೂಡುಗಳು. ದೂರದ ನೆರಳುಚಿತ್ರದಲ್ಲಿ ಇವು ಬೇರ್ಪಡಲಾರವು. ಸಮೀಪದಲ್ಲಿ ಮಾತ್ರ, ಒಬ್ಬರ ಹಿಂದೊಬ್ಬರು ಕುಳಿತ ಇಬ್ಬರು ವೈಮಾನಿಕರ ಮೇಲೆ ಉದ್ದಕ್ಕೆ ಚಾಚಿದ ಗುಮ್ಮಟ ಬಿ-57ನ್ನು ತೋರಿಸಿಕೊಡುತ್ತದೆ. ಇದಕ್ಕೂ ಅಪವಾದವುಂಟು: ಮಾರ್ಟಿನ್ ಕಟ್ಟಿದ ಆರಂಭದ ಬಿ-57ಎಗಳಿಗೆ ಬ್ರಿಟಿಷ್ ಮಾದರಿಯ ದುಂಡು ಗುಮ್ಮಟವೇ ಇದ್ದಿತು.

ಮಸೂರದ ವಿಷಯವನ್ನು ಬೇಗ ಮುಗಿಸಬಹುದು. ಓರೆರೆಕ್ಕೆಯ ವಿಮಾನ ಎದುರಿನಿಂದ ನೇರರೆಕ್ಕೆಯದಾಗಿ ಕಾಣುತ್ತದೆ; ಓರೆಯಾಗಿ ತೆಗೆದ ಚಿತ್ರದಲ್ಲಿ ರೆಕ್ಕೆಯ ಬಾಗನ್ನು ಕೋನಮಾಪಕದಿಂದ ಅಳೆಯುವುದು ವ್ಯರ್ಥ. ಮಧ್ಯಾಹ್ನದ ಬಿಸಿಲಿನಲ್ಲಿ ರನ್‌ವೇಯ ಮೇಲೆ ಬಿದ್ದ ನೆರಳು ಅನೇಕ ವೇಳೆ ವಿಮಾನಕ್ಕಿಂತ ಪ್ರಾಮಾಣಿಕವಾಗಿ ರೆಕ್ಕೆಯ ರೂಪವನ್ನು ಹೇಳುತ್ತದೆ. ಗಾತ್ರಕ್ಕೆ ಪಕ್ಕದಲ್ಲಿ ನಿಂತ ಮನುಷ್ಯನೇ ಅಳತೆಗೋಲು: ಬೆಂಗಳೂರಿನಲ್ಲಿ ಕಟ್ಟಿದ ನ್ಯಾಟ್ ವಿಮಾನದ ರೆಕ್ಕೆಯ ಅಗಲ ಸುಮಾರು 6.75 ಮೀಟರು, ನೆಲದಿಂದ ಬಾಲದ ತುದಿಯವರೆಗಿನ ಎತ್ತರ 2.7 ಮೀಟರಿನಷ್ಟು, ನೆಲದ ಮೇಲೆ ನಿಂತ ಮೆಕ್ಯಾನಿಕನು ಒಡಲಿನ ಬೆನ್ನನ್ನು ಕೈಯಿಂದ ಮುಟ್ಟುವಂತಿದ್ದರೆ ಅದಕ್ಕಿಂತ ದೊಡ್ಡದಾದ ಹಂಟರ್ ಯುದ್ಧವಿಮಾನದ ಊಹೆಯನ್ನು ಬಿಡಬೇಕು. ಸಾಕ್ಷ್ಯ ಸರಿಯಾಗಿದ್ದರೂ ತೀರ್ಮಾನ ತಪ್ಪಬಹುದೆಂಬುದಕ್ಕೆ 1956ರ ಜೂನ್ ತಿಂಗಳಲ್ಲಿ ಮಾಸ್ಕೋದ ತುಷಿನೊದಲ್ಲಿ ನಡೆದ ಪ್ರದರ್ಶನವೇ ಸಾಕ್ಷಿ. ಅಲ್ಲಿ ಮಿಕೊಯಾನ್ ಸಂಸ್ಥೆಯ ಓರೆರೆಕ್ಕೆಯ ಒಂದು ಮಾದರಿಯೂ ತ್ರಿಕೋನರೆಕ್ಕೆಯ ಒಂದು ಮಾದರಿಯೂ ಹಾರಿದವು. ಪಶ್ಚಿಮದ ವೀಕ್ಷಕರು ಎರಡನ್ನೂ ಸರಿಯಾಗಿ ಕಂಡರು, ಎರಡಕ್ಕೂ ಸಂಕೇತನಾಮಗಳನ್ನು ಕೊಟ್ಟರು. ಆದರೆ ಪಡೆಗೆ ಸೇರುವುದು ಓರೆರೆಕ್ಕೆಯದೇ ಎಂದು ಅನೇಕರು ನಂಬಿದರು. ಸೇರಿದ್ದು ತ್ರಿಕೋನರೆಕ್ಕೆಯದು, ಅದೇ ಮಿಗ್-21.

ಆ ಮಿಗ್-21ರ ಭೇದಗಳನ್ನು ಅರಿಯಲು ವೇಗವನ್ನು ಅಳೆಯುವ ಪಿಟೋ ನಳಿಕೆಯೇ ಅತ್ಯುತ್ತಮ ಸಾಧನವೆಂದು ನಾನು ಭಾವಿಸುತ್ತೇನೆ. 1963ರಲ್ಲಿ ಭಾರತಕ್ಕೆ ಮೊದಲು ಬಂದ ಎಫ್-13 ಮಾದರಿಯಲ್ಲಿ ಅದು ಮೂಗಿನ ಕೆಳಗೆ. ನಾಸಿಕದಲ್ಲಿ ಕಟ್ಟಿದ ಎಫ್‌ಎಲ್ ಮಾದರಿಯಲ್ಲಿ ಮೂಗಿನ ಮೇಲೆ, ನಡುಗೆರೆಯಲ್ಲಿ. ಅನಂತರದ ಎಂ ಮತ್ತು ಬಿಸ್ ಮಾದರಿಗಳಲ್ಲಿ ಮೇಲೆಯೇ, ಆದರೆ ಬಲಕ್ಕೆ ಸರಿದು. ಬೆನ್ನಿನ ಮೇಲಿನ ಉಬ್ಬು ಒಂದೊಂದು ಮಾದರಿಗೂ ಬೆಳೆಯುತ್ತ ಬಂದು ಬಿಸ್‌ನಲ್ಲಿ ಅತಿ ದಪ್ಪವಾಗುತ್ತದೆ. ಹಂಟರಿನಲ್ಲಿ ರೆಕ್ಕೆಯ ಮುಂದಂಚಿನ ಹೊರಭಾಗ ಹಲ್ಲಿನಂತೆ ಮುಂಚಾಚಿದ್ದರೆ ಅದು ಎಫ್-6 ಅಥವಾ ಅದರ ಪಂಗಡದ್ದು. ಭಾರತ ಕೊಂಡ 160 ಎಫ್-56ಗಳಲ್ಲಿ ಹೊಗೆಬಾಯಿಯ ಮೇಲೆ ವೇಗ ತಡೆಯುವ ಪ್ಯಾರಾಚೂಟಿನ ಗೂಡೂ ಇದೆ. ನ್ಯಾಟಿಗೂ ಅದರಿಂದ ಬೆಂಗಳೂರಿನಲ್ಲಿ ರೂಪುಗೊಂಡ ಅಜೀತಕ್ಕೂ ಇರುವ ಅಂತರವನ್ನು ರೆಕ್ಕೆಯ ಅಡಿಯಲ್ಲಿ, ತೂಗುಹಾಕುವ ಕೊಕ್ಕೆಗಳ ಸಂಖ್ಯೆಯಲ್ಲಿ ಹುಡುಕಬೇಕು. ಆದರೆ ಭೇದನಿರ್ಣಯದಲ್ಲಿ ಒಂದು ಎಚ್ಚರ ಅವಶ್ಯ. ವಾಯುಪಡೆಗಳು ಹಳೆಯ ವಿಮಾನಗಳಿಗೆ ಹೊಸ ಅಂಗಗಳನ್ನು ಜೋಡಿಸುತ್ತ ಹೋಗುತ್ತವೆ. ಹಂಟರ್ ಎಫ್-6ರ ಆ ಹಲ್ಲು ಕೂಡ ಮೊದಲು ಹೊರಬಂದ ವಿಮಾನಗಳಲ್ಲಿರಲಿಲ್ಲ, ಆಮೇಲೆ ಸೇರಿಸಿದ್ದು. ಅಂಗವೊಂದರ ಇರುವಿಕೆ ಬಲವಾದ ಸಾಕ್ಷ್ಯ. ಇಲ್ಲದಿರುವಿಕೆ ಅಷ್ಟು ಬಲವಾದದ್ದಲ್ಲ.

ಕಟ್ಟಕಡೆಯ ಮೆಟ್ಟಿಲು ವಿಮಾನದ ವ್ಯಕ್ತಿತ್ವದ್ದು, ಅಂದರೆ ಒಡಲ ಮೇಲಿನ ಸಂಖ್ಯೆಯದು. ಭಾರತದಲ್ಲಿ ಹಂಟರಿಗೆ ಬಿಎ, ಫ್ರೆಂಚ್ ಮಿಸ್ಟೇರಿಗೆ ಐಎ, ನಮ್ಮಲ್ಲಿ ತೂಫಾನಿ ಎನಿಸಿಕೊಂಡ ಊರಗಾನಿಗೆ ಐಸಿ, ಮಾರುತಕ್ಕೆ ಬಿಡಿ ಎಂಬ ಅಕ್ಷರಗಳು ಸಂಖ್ಯೆಯ ಮೊದಲಿಗೆ ಬರುವುದರಿಂದ ಮಸುಕಾದ ಒಂದು ಅಕ್ಷರವೂ ಜಾತಿಯನ್ನು ದೃಢಪಡಿಸಬಲ್ಲದು. ಹಾಗೆಂದು ಸಂಖ್ಯೆಯನ್ನು ಅಂತಿಮ ಪ್ರಮಾಣವೆಂದು ಒಪ್ಪುವುದು, ವಿಶೇಷವಾಗಿ ವಸ್ತುಸಂಗ್ರಹಾಲಯಗಳಲ್ಲೂ ವಾಯುನೆಲೆಗಳ ಬಾಗಿಲಲ್ಲೂ ನಿಲ್ಲಿಸಿದ ವಿಮಾನಗಳ ಚಿತ್ರಗಳಲ್ಲಿ, ಕ್ಷೇಮವಲ್ಲ. ಅವುಗಳಿಗೆ ಬಣ್ಣ ಬಳಿಯುವಾಗಲೆಲ್ಲ ಸಂಖ್ಯೆಗಳನ್ನೂ ಹೊಸದಾಗಿ ಬರೆಯುತ್ತಾರೆ. ಯುದ್ಧದಲ್ಲಿ ಹೆಸರಾದ ವಿಮಾನದ ಸಂಖ್ಯೆಯನ್ನು ಅದರ ಸ್ಮರಣಾರ್ಥ ಇನ್ನೊಂದರ ಮೇಲೆ ಬರೆಯುವುದೂ ಉಂಟು. ಬಣ್ಣಕ್ಕಿಂತ ಬೋಲ್ಟು, ಮುಚ್ಚಳ, ತೇಪೆಗಳ ಸ್ಥಾನ ಹೆಚ್ಚು ನಂಬಿಕೆಗೆ ಅರ್ಹ.

ಅಡಿಬರಹವನ್ನು ಸಂಶಯಿಸುವುದು ಅಭ್ಯಾಸವಾದ ಮೇಲೆ ಅತಿಸಂಶಯದ ಅಪಾಯವೂ ಬರುತ್ತದೆ. ಮಾರುತ ವಿಮಾನವು 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. 147 ವಿಮಾನಗಳನ್ನು ಕಟ್ಟಿದರು. ಯಾವ ವಿದೇಶಕ್ಕೂ ಅದನ್ನು ಮಾರಲಿಲ್ಲ. ಇಷ್ಟು ತಿಳಿದವನ ಕೈಗೆ ‘ಈಜಿಪ್ಟಿನಲ್ಲಿ ಮಾರುತ’ ಎಂಬ ಅಡಿಬರಹದ ಚಿತ್ರ ಬಂದರೆ ಅದನ್ನು ಪ್ರಮಾದವೆಂದು ತಳ್ಳಿಹಾಕುವನು. ಆದರೆ ಆ ಅಡಿಬರಹ ನಿಜವಾಗಿರಬಹುದು. ಈಜಿಪ್ಟು ತನ್ನ ಹೆಲ್ವಾನ್ ಎಚ್‌ಎ-300 ವಿಮಾನಕ್ಕಾಗಿ ತಯಾರಿಸುತ್ತಿದ್ದ ಇ-300 ಎಂಜಿನ್ನನ್ನು ಪರೀಕ್ಷಿಸಲು ಒಂದು ಮಾರುತವನ್ನು ಅಲ್ಲಿಗೆ ಕೊಟ್ಟಿದ್ದರು. ಅದರ ಒಂದು ಬದಿಯಲ್ಲಿ ಎಂದಿನ ಆರ್ಫಿಯಸ್ ಎಂಜಿನ್, ಇನ್ನೊಂದು ಬದಿಯಲ್ಲಿ ಹೊಸ ಎಂಜಿನ್ ಇಟ್ಟು 1967ರಲ್ಲಿ ಹಾರಿಸಿದರು. ಅಂತಹ ಚಿತ್ರದಲ್ಲಿ ಬಾಲದ ಕಡೆಯ ನೋಟ ದೊರೆತು, ಎರಡು ಹೊಗೆಬಾಯಿಗಳ ಗಾತ್ರಗಳು ಒಂದಕ್ಕೊಂದು ಹೊಂದದೆ ಇದ್ದರೆ, ಅಡಿಬರಹವನ್ನು ಅಲ್ಲಗಳೆಯುವ ಮೊದಲು ಆ ವ್ಯತ್ಯಾಸವನ್ನು ಅಳೆಯಬೇಕು.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಸಾಮಗ್ರಿಯ ಅಭಾವವಿಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ ಮಾರುತವನ್ನು ಯಾರು ಬೇಕಾದರೂ ಸುತ್ತಲೂ ನಡೆದು ನೋಡಿ ಚಿತ್ರದೊಡನೆ ಹೋಲಿಸಬಹುದು. ವ್ಯಾಂಪೈರನ್ನೂ ನ್ಯಾಟನ್ನೂ ಮಾರುತವನ್ನೂ ತಮ್ಮ ಕೈಯಾರೆ ಕಟ್ಟಿದವರ ಮನೆಗಳ ಆಲ್ಬಮ್ಮುಗಳಲ್ಲಿ ಉಳಿದಿರುವ ಚಿತ್ರಗಳಾದರೋ ಇನ್ನೂ ಬೆಲೆಯುಳ್ಳವು. ಅವುಗಳಲ್ಲಿ ವಿಮಾನದ ಮುಂದೆ ಸಾಲಾಗಿ ನಿಂತವರ ಹೆಸರುಗಳು, ಆ ದಿನ ಶೆಡ್ಡಿನಲ್ಲಿ ನಡೆಯುತ್ತಿದ್ದ ಕೆಲಸ, ಚಿತ್ರ ತೆಗೆದ ವರ್ಷ ಇವನ್ನು ಹೇಳಬಲ್ಲವರು ಇರುವಾಗಲೇ ಚಿತ್ರದ ಬೆನ್ನ ಮೇಲೆ ಸೀಸದ ಕಡ್ಡಿಯಿಂದ ಬರೆದಿಡಬೇಕು. ಶಾಯಿಯಿಂದ ಬರೆದರೆ ಅದು ಮುಂದಕ್ಕೆ ಇಳಿದು ಚಿತ್ರವನ್ನೇ ಕೆಡಿಸುತ್ತದೆ. ಮುದ್ರಣದ ಜೊತೆಗೆ ನೆಗೆಟಿವ್ ಸಿಕ್ಕಿದರೆ ಅದನ್ನು ಬೇರೆ ಮಾಡದೆ ಇಡಬೇಕು; ಮುದ್ರಣದಲ್ಲಿ ಕತ್ತರಿಸಿಹೋದ ಅಂಚಿನಲ್ಲಿ ಪಕ್ಕದ ವಿಮಾನದ ಬಾಲ, ಬಾಲದ ಮೇಲೆ ಓದಲು ಬರುವ ಎರಡು ಅಂಕೆಗಳು ಉಳಿದಿರುವುದುಂಟು.